ಪೈಸೆಯ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್: ಬಳಸಿದವನ ವಿಮರ್ಶೆ

ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಲೆಕ್ಕಪತ್ರದ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸ ನನ್ನದು. ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತು ಹಾಲು ಬರುತ್ತದೆ. ಪ್ರತಿಯೊಬ್ಬರ ಹಾಲಿನ ಅಳತೆ, ಫ್ಯಾಟ್ (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ದಾಖಲಾಗುತ್ತವೆ. ದರಪಟ್ಟಿಯಿಂದ ಲೀಟರಿನ ದರ ಹೊರಟು, ಮೊತ್ತ ಮುದ್ರಿತವಾದ ಚೀಟಿ ಉತ್ಪಾದಕರ ಕೈ ಸೇರುತ್ತದೆ. ಆ ಚೀಟಿಗಳೆಲ್ಲ ಕೂಡಿ ಬಟವಾಡೆಯ ದಿನ ಹಣವಾಗುತ್ತವೆ. ಈ ಕೆಲಸಕ್ಕೆ, ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸನ್ನು, ವಾಡಿಕೆಯ ಮಾತಿನಲ್ಲಿ ಪೋಸ್ಟ್‌ಗ್ರೆಸ್ ಅನ್ನು, ಬಳಸಲು ತೊಡಗಿ ಈಗ ಎರಡು ವರ್ಷಗಳಾದವು. ಅದರ ವೇಗ, ಬ್ಯಾಕಪ್, ಭದ್ರತೆಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನಾನಿಲ್ಲಿ ನೋಡಲು ಹೊರಟಿರುವುದು ಒಂದೇ ವಿಷಯವನ್ನು: ಒಪ್ಪಿಸಿದ ಸಂಖ್ಯೆಯನ್ನು ಅದು ಎಷ್ಟು ಪ್ರಾಮಾಣಿಕವಾಗಿ ಇಟ್ಟುಕೊಂಡು ಹಿಂದಿರುಗಿಸುತ್ತದೆ ಎಂಬುದನ್ನು.

ಈ ಪ್ರಶ್ನೆ ನನಗೆ ಮುಖ್ಯವಾದದ್ದು ಒಂದು ಚೀಟಿಯಿಂದ. ಎರಡು ಹಸು ಸಾಕಿಕೊಂಡಿರುವ ನಿವೃತ್ತ ಮೇಷ್ಟ್ರೊಬ್ಬರು ಒಂದು ಬೆಳಿಗ್ಗೆ ಚೀಟಿ ಹಿಡಿದು ಬಂದರು. ಹಾಲು 4.5 ಲೀಟರ್, ದರ 33.01 ರೂಪಾಯಿ, ಮೊತ್ತ 148.54 ಎಂದು ಅದರಲ್ಲಿತ್ತು. ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುಣಿಸಿ 148.545 ಎಂದು ಬರೆದಿದ್ದರು. "ನೋಡಪ್ಪ, ಕೊನೆಗೆ ಐದು ಇದೆ. ಐದು ಇದ್ದರೆ ಮೇಲಕ್ಕೆ ಹೋಗಬೇಕು, ಐವತ್ತೈದು ಪೈಸೆ ಆಗಬೇಕು. ನಿಮ್ಮ ಯಂತ್ರ ಯಾಕೆ ಕೆಳಕ್ಕೆ ಇಳಿಸಿತು?" ಎಂದು ಕೇಳಿದರು. "ನೋಡ್ತೀನಿ ಮೇಷ್ಟ್ರೇ" ಎಂದೆ. ಆಗ ನಮ್ಮಲ್ಲಿದ್ದದ್ದು ಬೇರೆಯವರು ಬರೆದುಕೊಟ್ಟಿದ್ದ ಹಳೆಯ ತಂತ್ರಾಂಶ. ಅದರ ಕೋಷ್ಟಕವನ್ನು ತೆರೆದು ಅದೇ ಗುಣಾಕಾರವನ್ನು ಮಾಡಿಸಿದರೆ ಪರದೆಯ ಮೇಲೆ 148.545 ಎಂದೇ ಬಂತು. ಎರಡು ದಶಮಾಂಶ ಸ್ಥಾನಕ್ಕೆ ರೌಂಡ್ ಮಾಡಿದರೆ ಮಾತ್ರ 148.54. ಕಣ್ಣಿಗೆ ಕಾಣುವ ಸಂಖ್ಯೆ ಒಂದು, ಲೆಕ್ಕಕ್ಕೆ ಹೋಗುವ ಸಂಖ್ಯೆ ಇನ್ನೊಂದು ಎಂದು ಆಗ ತಿಳಿಯಿತು.

ಕಾರಣ ಸರಳವಾದದ್ದು. ಆ ತಂತ್ರಾಂಶದಲ್ಲಿ ದರ, ಅಳತೆ, ಮೊತ್ತ ಎಲ್ಲವನ್ನೂ ಡಬಲ್ ಎಂಬ ಫ್ಲೋಟಿಂಗ್ ಪಾಯಿಂಟ್ ಬಗೆಯಲ್ಲಿ, ಅಂದರೆ ಗೊತ್ತಾದಷ್ಟು ಅಂಕೆಗಳಲ್ಲಿ ಹತ್ತಿರದ ಮೌಲ್ಯವನ್ನು ಹಿಡಿದಿಡುವ ಬಗೆಯಲ್ಲಿ, ಇಡಲಾಗಿತ್ತು. 1985ರಲ್ಲಿ ಹೊರಬಂದ ಐಇಇಇ 754 ಮಾನದಂಡದಂತೆ ಡಬಲ್ ಎಂದರೆ 64 ಬಿಟ್‌ಗಳು: ಚಿಹ್ನೆಗೆ ಒಂದು, ಘಾತಕ್ಕೆ 11, ಉಳಿದ 52 ಅಂಕೆಗಳಿಗೆ. ಇವೆಲ್ಲ ಸೊನ್ನೆ ಮತ್ತು ಒಂದನ್ನು ಮಾತ್ರ ಬಳಸುವ ದ್ವಿಮಾನ ಪದ್ಧತಿಯವು. ಮೂರನೆಯ ಒಂದು ಭಾಗವನ್ನು ನಮ್ಮ ದಶಮಾನ ಪದ್ಧತಿಯಲ್ಲಿ ಬರೆಯಹೊರಟರೆ 0.333 ಎಂದು ಹೇಗೆ ಮುಗಿಯದೆ ಸಾಗುತ್ತದೆಯೋ, ಹತ್ತನೆಯ ಒಂದು ಭಾಗವನ್ನು ದ್ವಿಮಾನದಲ್ಲಿ ಬರೆಯಹೊರಟರೂ ಹಾಗೆಯೇ ಮುಗಿಯದೆ ಸಾಗುತ್ತದೆ. ಛೇದದಲ್ಲಿ ಎರಡರ ಘಾತ ಮಾತ್ರ ಇರುವ ಭಿನ್ನರಾಶಿಗಳಷ್ಟೇ ಅಲ್ಲಿ ಕೊನೆಗೊಳ್ಳುತ್ತವೆ. ಹೀಗಾಗಿ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗಿನ ನೂರು ಪೈಸೆಗಳಲ್ಲಿ ಸೊನ್ನೆ, ಇಪ್ಪತ್ತೈದು, ಐವತ್ತು, ಎಪ್ಪತ್ತೈದು ಎಂಬ ನಾಲ್ಕು ಮಾತ್ರ ಡಬಲ್‌ನಲ್ಲಿ ಇದ್ದದ್ದು ಇದ್ದಂತೆ ಕೂರುತ್ತವೆ. ಉಳಿದ ತೊಂಬತ್ತಾರೂ ಕೂದಲೆಳೆಯಷ್ಟು ಹೆಚ್ಚು ಅಥವಾ ಕಡಿಮೆ. ಮೇಷ್ಟ್ರ ಚೀಟಿಯ 148.545 ನಿಜಕ್ಕೂ ಒಳಗೆ ಕೂತಿದ್ದದ್ದು 148.54499999999998749 ಎಂದು. ಅದನ್ನು ರೌಂಡ್ ಮಾಡಿದ ಯಂತ್ರ ತಪ್ಪು ಮಾಡಲಿಲ್ಲ. ತನಗೆ ಕೊಟ್ಟ ಸಂಖ್ಯೆಯನ್ನು ಅದು ಸರಿಯಾಗಿಯೇ ಇಳಿಸಿತು. ತಪ್ಪಾದದ್ದು ರೂಪಾಯಿಯನ್ನು ಆ ಬಗೆಯ ಕಾಲಂನಲ್ಲಿ ಇಡಬಹುದೆಂದು ತೀರ್ಮಾನಿಸಿದಾಗಲೇ.

ಒಂದು ಪೈಸೆಗೆ ಇಷ್ಟೊಂದು ಮಾತೇ ಎಂದು ಯಾರಾದರೂ ಕೇಳಬಹುದು. ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕ 1982ರ ಜನವರಿಯಲ್ಲಿ 1000 ಅಂಶಗಳಿಂದ ಶುರುವಾಗಿ, 1983ರ ನವೆಂಬರ್ ಹೊತ್ತಿಗೆ 524ರ ಆಸುಪಾಸಿಗೆ ಕುಸಿದಿತ್ತು. ಪೇಟೆ ಬಿದ್ದಿರಲಿಲ್ಲ, ಪ್ರತಿ ವಹಿವಾಟಿನ ನಂತರ ಸೂಚ್ಯಂಕವನ್ನು ಮತ್ತೆ ಲೆಕ್ಕ ಹಾಕುವಾಗ ಮೂರನೆಯ ದಶಮಾಂಶದ ಆಚೆಗಿನದನ್ನು ರೌಂಡ್ ಮಾಡದೆ ಕತ್ತರಿಸಿ ಹಾಕುತ್ತಿದ್ದರು. ಸರಿಪಡಿಸಿದ ಮೇಲೆ ಬಂದ ಸಂಖ್ಯೆ 1098 ಚಿಲ್ಲರೆ. ನಮ್ಮ ಸಂಘದ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಆದರೆ ಚೀಟಿಯಲ್ಲಿರುವ ಮೊತ್ತವನ್ನು ಉತ್ಪಾದಕ ತನ್ನ ಕೈಯಿಂದಲೇ ಗುಣಿಸಿ ತಾಳೆ ನೋಡಬಲ್ಲವನಾಗಿರಬೇಕು, ಮತ್ತು ಆ ತಾಳೆ ಪ್ರತಿ ಸಲವೂ ಕೂಡಬೇಕು. ಸಹಕಾರ ಸಂಘದ ಮೇಲಿನ ನಂಬಿಕೆ ನಿಂತಿರುವುದು ಇದರ ಮೇಲೆಯೇ ಎಂದು ನಾನು ಭಾವಿಸುತ್ತೇನೆ.

ಈಗ ಪೋಸ್ಟ್‌ಗ್ರೆಸ್‌ಗೆ ಬರುತ್ತೇನೆ. ಮೈಕೆಲ್ ಸ್ಟೋನ್‌ಬ್ರೇಕರ್ ನೇತೃತ್ವದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೊದಲಾದ ಯೋಜನೆ ಇದರ ಮೂಲ. ಫ್ಲೋಟಿಂಗ್ ಪಾಯಿಂಟ್ ಮಾನದಂಡವನ್ನು ರೂಪಿಸುವುದರಲ್ಲಿ ಮುಂದಾಳಾಗಿದ್ದ ವಿಲಿಯಂ ಕಹಾನ್ ಅವರೂ ಅದೇ ವಿಶ್ವವಿದ್ಯಾಲಯದವರು, ಇಬ್ಬರೂ ಗಣಕ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ ಪಡೆದವರು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ತಂತ್ರಾಂಶ ಉಚಿತ, ಮೂಲಸಂಕೇತ ಮುಕ್ತ. ಸಂಘದ ಆಡಳಿತ ಮಂಡಳಿಯ ಮುಂದೆ ಪರವಾನಗಿಯ ಖರ್ಚಿನ ಮಾತೇ ಬರಲಿಲ್ಲ.

ಹಣಕ್ಕೆ ಇದರಲ್ಲಿರುವ ಬಗೆ ನ್ಯೂಮರಿಕ್. ಡೆಸಿಮಲ್ ಎಂದು ಬರೆದರೂ ಅದೇ. ನ್ಯೂಮರಿಕ್(10,2) ಎಂದು ಘೋಷಿಸಿದರೆ ಒಟ್ಟು ಹತ್ತು ಅಂಕೆ, ಅದರಲ್ಲಿ ಎರಡು ದಶಮಾಂಶದ ನಂತರ. ಸಂಖ್ಯೆಯನ್ನು ದಶಮಾನದಲ್ಲಿಯೇ, ನಾಲ್ಕು ನಾಲ್ಕು ಅಂಕೆಗಳ ಗುಂಪು ಮಾಡಿ, ಗುಂಪಿಗೆ ಎರಡು ಬೈಟ್‌ನಂತೆ ಇಡುತ್ತದೆ. ಆದ್ದರಿಂದ 148.55 ಎಂದು ಕೊಟ್ಟರೆ 148.55 ಎಂದೇ ಕೂರುತ್ತದೆ, ಎಷ್ಟು ಸಲ ಕೂಡಿದರೂ ಕಳೆದರೂ ಕೂದಲೆಳೆ ಕೂಡ ಅತ್ತಿತ್ತ ಸರಿಯುವುದಿಲ್ಲ. ಜಾಗ ಹೆಚ್ಚು ತಿನ್ನುತ್ತದೆ ಎಂಬ ದೂರನ್ನು ನಾನು ಹಲವರಿಂದ ಕೇಳಿದ್ದೆ. ಅಳೆದು ನೋಡಿದಾಗ ಕೋಷ್ಟಕದಲ್ಲಿ 148.55 ಹಿಡಿದದ್ದು ಏಳು ಬೈಟ್, ಡಬಲ್ ಆಗಿದ್ದರೆ ಎಂಟು! ಲೆಕ್ಕದ ವೇಗದಲ್ಲಿ ಮಾತ್ರ ಡಬಲ್ ಮುಂದೆ, ಏಕೆಂದರೆ ಅದನ್ನು ಪ್ರೊಸೆಸರ್ ತಾನೇ ನೇರವಾಗಿ ಮಾಡುತ್ತದೆ, ನ್ಯೂಮರಿಕ್‌ನ ಲೆಕ್ಕವನ್ನು ತಂತ್ರಾಂಶ ಮಾಡಬೇಕು. ಕೆಲವು ನೂರು ಉತ್ಪಾದಕರ ಬಟವಾಡೆ ಪಟ್ಟಿ ತಯಾರಿಸುವಾಗ ಈ ವ್ಯತ್ಯಾಸ ನಮ್ಮ ಕಾರ್ಯದರ್ಶಿಗಳ ಅರಿವಿಗೇ ಬಂದಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಗುಣವೆಂದರೆ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಬರೆದು ಕೇಳುವ ಪ್ರಶ್ನೆಯಲ್ಲಿ, 0.1 ಎಂದು ಬರೆದರೆ ಅದನ್ನು ನ್ಯೂಮರಿಕ್ ಎಂದೇ ಓದಿಕೊಳ್ಳುವುದು. 0.1 ಮತ್ತು 0.2 ಕೂಡಿಸಿದರೆ 0.3 ಬರುತ್ತದೆ. ಅದೇ ಎರಡನ್ನು ಡಬಲ್ ಪ್ರಿಸಿಷನ್ (ಡಬಲ್‌ಗೆ ಇಲ್ಲಿನ ಹೆಸರು) ಎಂದು ಪರಿವರ್ತಿಸಿ ಕೂಡಿಸಿದರೆ 0.30000000000000004 ಎಂದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. 2019ರಲ್ಲಿ ಬಂದ 12ನೇ ಆವೃತ್ತಿಗೆ ಮೊದಲು ಹೀಗಿರಲಿಲ್ಲ. ಡಬಲ್ ಸಂಖ್ಯೆಗಳನ್ನು ಹದಿನೈದು ಅಂಕೆಗೆ ಇಳಿಸಿ ತೋರಿಸುತ್ತಿದ್ದುದರಿಂದ 0.3 ಎಂದೇ ಕಾಣುತ್ತಿತ್ತು. ಸಂಖ್ಯೆಯನ್ನು ಮತ್ತೆ ಓದಿದರೆ ಅದೇ ಡಬಲ್ ಸಿಗುವಂತೆ, ಆದರೆ ಅಗತ್ಯಕ್ಕಿಂತ ಒಂದು ಅಂಕೆಯೂ ಹೆಚ್ಚಿಲ್ಲದಂತೆ ಬರೆಯುವ ಕ್ರಮ ಈಗ ಬಂದಿದೆ. ದೋಷವನ್ನು ಬಚ್ಚಿಡದೆ ಕಣ್ಣೆದುರು ಇಡುವುದು ಒಳ್ಳೆಯ ಗುಮಾಸ್ತನ ಲಕ್ಷಣ. ಆದರೆ ಇದು ಕೂಡ ಪೂರ್ತಿ ರಕ್ಷಣೆಯಲ್ಲ ಎಂಬುದನ್ನು ಮೇಷ್ಟ್ರ ಚೀಟಿಯೇ ಹೇಳುತ್ತದೆ, ಏಕೆಂದರೆ ಆ ಗುಣಲಬ್ಧವನ್ನು ಹೊಸ ಆವೃತ್ತಿಯೂ 148.545 ಎಂದೇ ತೋರಿಸುತ್ತದೆ.

ಎರಡನೆಯ ಒಳ್ಳೆಯ ಗುಣ ಅದರ ಹಟ. ಡಬಲ್ ಸಂಖ್ಯೆಯನ್ನು ಎರಡು ದಶಮಾಂಶಕ್ಕೆ ರೌಂಡ್ ಮಾಡು ಎಂದು ಕೇಳಿದರೆ, ಹಾಗೆ ಮಾಡುವ ಫಂಕ್ಷನ್ ಇಲ್ಲವೆಂದು ದೋಷಸಂದೇಶ ಕೊಟ್ಟು ನಿಲ್ಲುತ್ತದೆ; ಸ್ಥಾನ ಹೇಳಿ ರೌಂಡ್ ಮಾಡುವ ಸೌಲಭ್ಯ ನ್ಯೂಮರಿಕ್‌ಗೆ ಮಾತ್ರ. ಹೊಸಬರಿಗೆ ಇದು ಕಿರಿಕಿರಿ ಎನಿಸುತ್ತದೆ. ನನಗೆ ಇದು ಬಾಗಿಲಲ್ಲಿ ನಿಂತು "ಇದು ಹಣವೋ, ಅಳತೆಯೋ, ಮೊದಲು ಹೇಳಿ" ಎಂದು ಕೇಳುವಂತೆ ತೋರುತ್ತದೆ. ರೌಂಡ್ ಮಾಡುವ ರೀತಿಯಲ್ಲೂ ಎರಡಕ್ಕೂ ವ್ಯತ್ಯಾಸವಿದೆ. 2.5 ಅನ್ನು ಪೂರ್ಣಾಂಕಕ್ಕೆ ತಂದರೆ ನ್ಯೂಮರಿಕ್‌ನಲ್ಲಿ 3, ಡಬಲ್‌ನಲ್ಲಿ ಬಹುತೇಕ ಯಂತ್ರಗಳಲ್ಲಿ 2, ಏಕೆಂದರೆ ಅಲ್ಲಿ ಸರಿ ಅರ್ಧವಿದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗುವ ಪದ್ಧತಿ. ನಮ್ಮ ಶಾಲೆಗಳಲ್ಲಿ ಕಲಿಸಿದ್ದು ಮೊದಲನೆಯದು. ಸಿಜಿಎಸ್‌ಟಿ (ಕೇಂದ್ರ ಸರಕು ಮತ್ತು ಸೇವಾ ತೆರಿಗೆ) ಕಾಯ್ದೆಯ 170ನೇ ಕಲಂ ಕೂಡ ತೆರಿಗೆಯ ಮೊತ್ತದಲ್ಲಿ ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಮೇಲಿನ ರೂಪಾಯಿಗೆ, ಕಡಿಮೆಯಿದ್ದರೆ ಬಿಡಬೇಕು ಎನ್ನುತ್ತದೆ. ಅಂದರೆ ಇಲ್ಲಿನ ಲೆಕ್ಕಕ್ಕೆ ನ್ಯೂಮರಿಕ್‌ನ ನಡೆ ತಾನಾಗಿಯೇ ಹೊಂದುತ್ತದೆ.

ಮೊತ್ತ ಕೂಡಿಸುವಲ್ಲಿ ಇದರ ಬೆಲೆ ಇನ್ನಷ್ಟು ಗೊತ್ತಾಗುತ್ತದೆ. ಡಬಲ್‌ನಲ್ಲಿ 0.1 ಅನ್ನು ಹತ್ತು ಸಲ ಕೂಡಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ಸಾಲುಗಳ ಕ್ರಮ ಬದಲಾದರೆ ಮೊತ್ತವೂ ಬದಲಾಗಬಹುದು. ಒಂದೇ ಕ್ವೆರಿಯನ್ನು ಪೋಸ್ಟ್‌ಗ್ರೆಸ್ ಹಲವು ಕೆಲಸಗಾರ ಪ್ರಕ್ರಿಯೆಗಳಿಗೆ ಹಂಚಿ ಸಮಾನಾಂತರವಾಗಿ ನಡೆಸಿದಾಗ, ಬೆಳಿಗ್ಗೆ ಬಂದ ಮೊತ್ತವೇ ಸಂಜೆಯೂ ಬರುತ್ತದೆ ಎಂಬ ಭರವಸೆ ಡಬಲ್ ಕಾಲಂಗೆ ಇಲ್ಲ. ನ್ಯೂಮರಿಕ್‌ಗೆ ಇದೆ. ಪೂರ್ಣಾಂಕಗಳ ವಿಷಯದಲ್ಲೂ ಎಚ್ಚರಿಕೆ ಒಳ್ಳೆಯದಿದೆ: ಇಂಟಿಜರ್ ಎಂಬ ಪೂರ್ಣಾಂಕದ ಕಾಲಂ ಕೂಡಿದರೆ ಫಲ ಇನ್ನೂ ದೊಡ್ಡ ಪೂರ್ಣಾಂಕ ಹಿಡಿಯುವ ಬಿಗ್‌ಇಂಟ್, ಬಿಗ್‌ಇಂಟ್ ಕೂಡಿದರೆ ಫಲ ನ್ಯೂಮರಿಕ್, ಮೊತ್ತ ತುಂಬಿ ಹರಿಯದಂತೆ ಪಾತ್ರೆಯನ್ನು ಅದೇ ದೊಡ್ಡದು ಮಾಡಿಕೊಳ್ಳುತ್ತದೆ.

ದೋಷಗಳಿಲ್ಲವೇ ಎಂದರೆ, ಇವೆ, ಮತ್ತು ಅವು ಸಣ್ಣವಲ್ಲ.

ಮೊದಲನೆಯದು ಮೌನ. ನ್ಯೂಮರಿಕ್(10,2) ಕಾಲಂಗೆ 12.345 ಕೊಟ್ಟರೆ, ಅದು ಎಚ್ಚರಿಕೆಯನ್ನೂ ಕೊಡದೆ 12.35 ಮಾಡಿ ಇಟ್ಟುಕೊಳ್ಳುತ್ತದೆ. ಅಂಕೆಗಳು ಎಡಗಡೆ ಹೆಚ್ಚಾದರೆ ತಕರಾರು ಮಾಡುವ ಡೇಟಾಬೇಸ್ ಬಲಗಡೆ ಹೆಚ್ಚಾದಾಗ ಸುಮ್ಮನಿರುವುದು ನನಗೆ ಒಪ್ಪಿಗೆಯಾಗದ ಮಾತು. ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್‌ನ ಮಾನದಂಡದ ಪ್ರಕಾರ ಸರಿಯಿರಬಹುದು. ಆದರೆ ಪೈಸೆಯ ಭಾಗ ಎಲ್ಲಿ, ಯಾರ ತೀರ್ಮಾನದಿಂದ ಮಾಯವಾಯಿತು ಎಂಬುದು ಲೆಕ್ಕಪರಿಶೋಧಕರಿಗೆ ಹೇಳಬೇಕಾದ ವಿಷಯ. ನಾವು ಮಾಡಿಕೊಂಡ ಉಪಾಯ ಇದು: ಅಂಕೆಗಳ ಅಳತೆ ಹೇಳದ ಬರಿಯ ನ್ಯೂಮರಿಕ್ ಮೇಲೆ ಒಂದು ಡೊಮೈನ್ (ನಮ್ಮದೇ ನಿಬಂಧನೆಯಿರುವ ಬಗೆ) ಮಾಡಿ, ಮೌಲ್ಯವು ತನ್ನ ಎರಡು ದಶಮಾಂಶದ ರೌಂಡ್‌ಗೆ ಸಮನಾಗಿರಬೇಕು ಎಂಬ ಚೆಕ್ ನಿಬಂಧನೆ ಹಾಕಿದ್ದೇವೆ. ಈಗ ಮೂರನೆಯ ದಶಮಾಂಶ ಹೊತ್ತ ಮೊತ್ತ ಬಂದರೆ ಒಳಗೆ ಬಿಡುವುದಿಲ್ಲ, ರೌಂಡ್ ಮಾಡುವ ಹೊಣೆ ಲೆಕ್ಕ ಬರೆದ ಪ್ರೋಗ್ರಾಂನದೇ ಆಗುತ್ತದೆ.

ಆ ನಿಬಂಧನೆ ಬರೆಯುವಾಗ ಇನ್ನೊಂದು ಮೂಲೆ ಕಂಡಿತು. ನ್ಯೂಮರಿಕ್‌ನಲ್ಲಿಯೂ ಎನ್‌ಎಎನ್, ಅಂದರೆ ಸಂಖ್ಯೆಯಲ್ಲ ಎಂಬ ಮೌಲ್ಯಕ್ಕೆ ಜಾಗವಿದೆ. ಪೋಸ್ಟ್‌ಗ್ರೆಸ್ ಅದನ್ನು ಎಲ್ಲ ಸಂಖ್ಯೆಗಳಿಗಿಂತ ದೊಡ್ಡದೆಂದು, ತನಗೆ ತಾನೇ ಸಮನೆಂದು ಎಣಿಸುತ್ತದೆ. ಸಾಲುಗಳನ್ನು ಕ್ರಮವಾಗಿ ಜೋಡಿಸಲು ಇದು ಬೇಕಾದ ಏರ್ಪಾಡು. ಆದರೆ ಇದರಿಂದಾಗಿ ಮೊತ್ತ ಸೊನ್ನೆ ಅಥವಾ ಹೆಚ್ಚಿರಬೇಕು ಎಂದಷ್ಟೇ ಚೆಕ್ ಹಾಕಿದರೆ ಎನ್‌ಎಎನ್ ಸಲೀಸಾಗಿ ದಾಟಿ ಬರುತ್ತದೆ. ಒಂದು ಸಾಲಿನಲ್ಲಿ ಅದು ಸೇರಿತೆಂದರೆ ಇಡೀ ಬಟವಾಡೆಯ ಮೊತ್ತವೇ ಎನ್‌ಎಎನ್. ಮೇಲಿನ ಮಿತಿಯನ್ನೂ ಹಾಕಿದರೆ ಮಾತ್ರ ಬಾಗಿಲು ಮುಚ್ಚುತ್ತದೆ.

ಮೂರನೆಯದು ರಿಯಲ್ ಎಂಬ ನಾಲ್ಕು ಬೈಟ್‌ನ ಬಗೆ. ದರಪಟ್ಟಿಯ ಫ್ಯಾಟ್ ಕಾಲಂ ಅನ್ನು ಪರೀಕ್ಷೆಗೆಂದು ರಿಯಲ್ ಮಾಡಿ, ಫ್ಯಾಟ್ 4.5 ಇರುವ ಸಾಲು ಕೊಡು ಎಂದು ಕೇಳಿದೆ, ಕೊಟ್ಟಿತು. 4.1 ಇರುವ ಸಾಲು ಕೊಡು ಎಂದೆ. ಒಂದು ಸಾಲೂ ಬರಲಿಲ್ಲ. ಕೋಷ್ಟಕವನ್ನು ತೆರೆದು ನೋಡಿದರೆ 4.1 ಕಣ್ಣೆದುರಿಗೇ ಇದೆ! ನಡೆದದ್ದೇನೆಂದರೆ, ಹೋಲಿಸುವ ಮುನ್ನ ಎರಡೂ ಕಡೆಯನ್ನು ಡಬಲ್ ಮಾಡಿಕೊಳ್ಳುತ್ತದೆ. ರಿಯಲ್‌ನಲ್ಲಿದ್ದ 4.1 ಆಗ 4.099999904632568 ಆಗುತ್ತದೆ, ನಾನು ಬರೆದ 4.1 ಅದಕ್ಕಿಂತ ಬೇರೆಯೇ. 4.5 ದ್ವಿಮಾನದಲ್ಲಿ ಪೂರ್ತಿ ಕೂರುವ ಸಂಖ್ಯೆಯಾದ್ದರಿಂದ ಪಾರಾಯಿತು. ಇಂಥ ದೋಷ ಬೆಳಿಗ್ಗೆ ಹಾಲು ಹಾಕಲು ಸಾಲು ನಿಂತಿರುವಾಗ ಕಾಣಿಸಿಕೊಂಡರೆ, ಕೆಲವರ ಹಾಲಿಗೆ ದರ ಸಿಕ್ಕಿ ಕೆಲವರದಕ್ಕೆ ಸಿಗದೆ, ಕಾರಣ ಹುಡುಕುವಷ್ಟರಲ್ಲಿ ಹೊತ್ತು ಏರಿರುತ್ತದೆ. ದರಪಟ್ಟಿಯನ್ನು ಹುಡುಕುವ ಯಾವ ಕಾಲಂ ಕೂಡ ಫ್ಲೋಟಿಂಗ್ ಪಾಯಿಂಟ್ ಆಗಿರಬಾರದು ಎಂದು ನಾನು ಅಂದಿನಿಂದ ನಿಯಮ ಮಾಡಿಕೊಂಡಿದ್ದೇನೆ.

ಮನಿ ಎಂಬ ಬಗೆಯೂ ಇದೆ. ಹೆಸರು ನೋಡಿ ಮೋಸಹೋಗಬಾರದು. ಅದು ಎಷ್ಟು ದಶಮಾಂಶ ಇಡಬೇಕು, ಯಾವ ಚಿಹ್ನೆ ತೋರಿಸಬೇಕು ಎಂಬುದು ಸರ್ವರಿನ ಸ್ಥಳೀಯ ಸೆಟ್ಟಿಂಗ್‌ಗೆ ಕಟ್ಟುಬಿದ್ದಿದೆ. ಬ್ಯಾಕಪ್ಪನ್ನು ಬೇರೆ ಸೆಟ್ಟಿಂಗ್‌ನ ಯಂತ್ರಕ್ಕೆ ಇಳಿಸಿದರೆ ಅರ್ಥವೇ ಬದಲಾಗಬಹುದು. ಬಳಸಬೇಡಿ.

ನ್ಯೂಮರಿಕ್ ಕೂಡ ಭಾಗಾಕಾರದ ಮುಂದೆ ಸೋಲುತ್ತದೆ ಎಂಬುದನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣ. 10ನ್ನು ನ್ಯೂಮರಿಕ್ ಮಾಡಿ 3ರಿಂದ ಭಾಗಿಸಿ ಮತ್ತೆ 3ರಿಂದ ಗುಣಿಸಿದರೆ 9.9999999999999999 ಬರುತ್ತದೆ. ನೂರು ರೂಪಾಯಿಯನ್ನು ಮೂವರಿಗೆ ಹಂಚುವಾಗ ಉಳಿಯುವ ಒಂದು ಪೈಸೆಯನ್ನು ಯಾರಿಗೆ ಕೊಡಬೇಕೆಂದು ಯಾವ ಡೇಟಾ ಟೈಪ್ ಕೂಡ ಹೇಳಲಾರದು. ವರ್ಷದ ಕೊನೆಯ ಬೋನಸ್ ಹಂಚಿಕೆಗೆ ನಾವು ಎಲ್ಲರ ಪಾಲನ್ನೂ ಪೈಸೆಗೆ ಇಳಿಸಿ, ಉಳಿದ ಪೈಸೆಗಳನ್ನು ಹೆಚ್ಚು ಕಳೆದುಕೊಂಡವರಿಂದ ಶುರುಮಾಡಿ ಒಂದೊಂದಾಗಿ ಕೊಡುವ ನಿಯಮವನ್ನು ಆಡಳಿತ ಮಂಡಳಿಯಿಂದಲೇ ಬರೆಸಿಕೊಂಡೆವು. ಇನ್ನೊಂದು ಎಡವು ಪೂರ್ಣಾಂಕಗಳ ಭಾಗಾಕಾರ. ಎರಡೂ ಇಂಟಿಜರ್ ಆಗಿದ್ದರೆ 7ನ್ನು 2ರಿಂದ ಭಾಗಿಸಿದಾಗ ಬರುವುದು 3. ಶೇಕಡಾ ಲೆಕ್ಕದಲ್ಲಿ 5ನ್ನು 100ರಿಂದ ಭಾಗಿಸಿದರೆ ಸೊನ್ನೆ. ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಇದೇ ಭಾಗಾಕಾರಕ್ಕೆ ದಶಮಾಂಶದ ಉತ್ತರ ಬರುತ್ತದೆಯಾದ್ದರಿಂದ, ಅಲ್ಲಿಂದ ಬಂದವರು ಇಲ್ಲಿ ಜೋಪಾನವಾಗಿರಬೇಕು.

ಬೇರೆಯವುಗಳೊಂದಿಗೆ ಹೋಲಿಕೆ ಚಿಕ್ಕದಾಗಿಯೇ ಮುಗಿಸುತ್ತೇನೆ. ಮೈಎಸ್‌ಕ್ಯುಎಲ್‌ನ ಡೆಸಿಮಲ್ ಕೂಡ ನಿಖರವಾದದ್ದೇ, 65 ಅಂಕೆಗಳವರೆಗೆ ಹಿಡಿಯುತ್ತದೆ. ಆದರೆ ಅಳತೆ ಹೇಳದೆ ಬರಿಯ ಡೆಸಿಮಲ್ ಎಂದು ಬರೆದರೆ ಅಲ್ಲಿ ಹತ್ತು ಅಂಕೆ, ಸೊನ್ನೆ ದಶಮಾಂಶ ಎಂದು ಅರ್ಥ, ಪೈಸೆಗಳೆಲ್ಲ ಹೋಗುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಬರಹಕ್ಕೆ ಎಷ್ಟು ಅಂಕೆಯಾದರೂ ಸರಿ ಎಂದು ಅರ್ಥ. ಒರಾಕಲ್‌ನ ನಂಬರ್ 38 ಅಂಕೆಗಳ ನಿಖರತೆಯದು, ಹಣಕ್ಕೆ ಯಾವ ಚಿಂತೆಯೂ ಬೇಡ. ಎಸ್‌ಕ್ಯುಲೈಟ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಮೊಬೈಲ್ ಆ್ಯಪ್‌ಗಳಲ್ಲಿ ಇರುವುದು ಬಹುಮಟ್ಟಿಗೆ ಅದೇ. ಅಲ್ಲಿ ಡೆಸಿಮಲ್(10,2) ಎಂದು ಬರೆದರೆ ಒಪ್ಪಿಕೊಳ್ಳುತ್ತದೆ, ಆದರೆ ದಶಮಾಂಶವಿರುವ ಸಂಖ್ಯೆಯನ್ನು ಎಂಟು ಬೈಟ್‌ನ ಫ್ಲೋಟಿಂಗ್ ಪಾಯಿಂಟ್ ಆಗಿಯೇ ಇಡುತ್ತದೆ. ಹೆಸರು ನಂಬಿದವರಿಗೆ ಮೇಷ್ಟ್ರ ಚೀಟಿ ಮತ್ತೆ ಬರುತ್ತದೆ. ಅಲ್ಲಿ ಪೈಸೆಯನ್ನೇ ಪೂರ್ಣಾಂಕವಾಗಿ, 14855 ಎಂದು, ಇಡುವುದು ಸರಿ. ಪೋಸ್ಟ್‌ಗ್ರೆಸ್‌ನಲ್ಲೂ ಹಾಗೆ ಬಿಗ್‌ಇಂಟ್‌ನಲ್ಲಿ ಇಡುವವರಿದ್ದಾರೆ, ಅದು ವೇಗವಾಗಿಯೂ ಇರುತ್ತದೆ. ಆದರೆ ನೂರರಿಂದ ಭಾಗಿಸಬೇಕೆಂಬುದನ್ನು ವರದಿ ಬರೆಯುವ ಪ್ರತಿಯೊಬ್ಬರೂ ನೆನಪಿಡಬೇಕಾಗುತ್ತದೆ. ನ್ಯೂಮರಿಕ್ ಇರುವಾಗ ಆ ಹೊರೆ ನನಗೆ ಬೇಡವೆನಿಸಿತು.

ಡೇಟಾಬೇಸ್‌ನಿಂದ ಹೊರಗೆ ಬಂದ ಮೇಲೂ ಸಂಖ್ಯೆ ಕೆಡಬಹುದು. ಜಾವಾಸ್ಕ್ರಿಪ್ಟ್ ಪ್ರೋಗ್ರಾಂಗಳನ್ನು ಓಡಿಸುವ ನೋಡ್ ಜೆಎಸ್‌ಗೂ ಡೇಟಾಬೇಸಿಗೂ ನಡುವೆ ಸೇತುವಾಗುವ ಪೋಸ್ಟ್‌ಗ್ರೆಸ್ ಚಾಲಕ ನ್ಯೂಮರಿಕ್ ಮತ್ತು ಬಿಗ್‌ಇಂಟ್ ಮೌಲ್ಯಗಳನ್ನು ಅಕ್ಷರಗಳ ಸಾಲಾಗಿ ಕೊಡುತ್ತದೆ. 148.55ಕ್ಕೆ 20.00 ಕೂಡಿಸಲು ಹೋದರೆ 148.5520.00 ಎಂಬ ವಿಚಿತ್ರ ಬರುತ್ತದೆ. ಇದನ್ನು ದೋಷವೆಂದು ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ; ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ ಡಬಲ್ ಆಗಿರುವುದರಿಂದ, ನಿಖರತೆಯನ್ನು ಕಳೆಯದೆ ದಾಟಿಸಲು ಚಾಲಕಕ್ಕೆ ಇದ್ದ ದಾರಿ ಇದೇ. ಪೈಥಾನ್‌ನಲ್ಲಿ ಡೆಸಿಮಲ್ ಆಗಿ, ಜಾವಾದಲ್ಲಿ ಬಿಗ್‌ಡೆಸಿಮಲ್ ಆಗಿ ನಿರಾಯಾಸವಾಗಿ ಬರುತ್ತದೆ.

ಡಬಲ್ ಅನ್ನು ನಾನು ಮನೆಯಿಂದ ಹೊರಹಾಕಿಲ್ಲ. ಬಲ್ಕ್ ಮಿಲ್ಕ್ ಕೂಲರಿನ ಉಷ್ಣತೆ, ಹಾಲು ಸಂಗ್ರಹಣಾ ವಾಹನದ ಅಕ್ಷಾಂಶ ರೇಖಾಂಶಗಳು ಡಬಲ್‌ನಲ್ಲಿಯೇ ಇವೆ. ಅವು ಉಪಕರಣ ಅಳೆದ ಅಂದಾಜುಗಳು, ಹದಿನಾರನೆಯ ಅಂಕೆ ಅಲ್ಲಿ ಯಾರಿಗೂ ಸಲ್ಲಬೇಕಾದ ಬಾಕಿಯಲ್ಲ.

ಹಳೆಯ ಕೋಷ್ಟಕಗಳನ್ನು ಬದಲಿಸಹೊರಟವರಿಗೆ ಅನುಭವದ ಒಂದೆರಡು ಮಾತು. ಡಬಲ್ ಕಾಲಂ ಅನ್ನು ನ್ಯೂಮರಿಕ್ ಮಾಡಿದಾಗ ಪೋಸ್ಟ್‌ಗ್ರೆಸ್ ಇಡೀ ಕೋಷ್ಟಕವನ್ನು ಮತ್ತೆ ಬರೆಯುತ್ತದೆ, ಅಷ್ಟು ಹೊತ್ತು ಯಾರನ್ನೂ ಅದರೊಳಗೆ ಬಿಡುವುದಿಲ್ಲ. ನಾವು ಬೆಳಗಿನ ಹಾಲು ಮುಗಿದು ಸಂಜೆಯ ಹಾಲು ಶುರುವಾಗುವ ನಡುವಿನ ಮಧ್ಯಾಹ್ನದಲ್ಲಿ ಮಾಡಿದೆವು. ಡಬಲ್‌ನಿಂದ ನ್ಯೂಮರಿಕ್‌ಗೆ ಹದಿನೈದು ಅಂಕೆ ದಾಟುತ್ತವೆ, ಸಂಘದ ಮೊತ್ತಗಳಿಗೆ ಅದು ಸಾಕು. ರಿಯಲ್‌ನಿಂದ ನೇರವಾಗಿ ದಾಟುವುದು ಆರೇ ಅಂಕೆ: 1234567.89 ಎಂದು ಕೊಟ್ಟು ರಿಯಲ್‌ನಲ್ಲಿ ಇಟ್ಟಿದ್ದ ಮೌಲ್ಯ ನ್ಯೂಮರಿಕ್ ಆದಾಗ 1234570 ಆಗುತ್ತದೆ. ಮೊದಲು ಡಬಲ್ ಮಾಡಿ ಆಮೇಲೆ ನ್ಯೂಮರಿಕ್ ಮಾಡಿದರೆ 1234567.875 ಆದರೂ ಸಿಗುತ್ತದೆ. ಉಳಿದದ್ದು ರಿಯಲ್‌ಗೆ ಹಾಕಿದ ದಿನವೇ ಹೋಗಿರುತ್ತದೆ.

ಹಳೆಯ ಚೀಟಿಗಳ ಮೊತ್ತವನ್ನು ನಾವು ತಿದ್ದಲಿಲ್ಲ. ಕೊಟ್ಟ ಹಣ, ಸಹಿ ಹಾಕಿದ ಪುಸ್ತಕ, ಲೆಕ್ಕಪರಿಶೋಧನೆಯಾದ ವರ್ಷ, ಅವು ಇದ್ದಂತೆಯೇ ಇರಬೇಕು. ಸರಿಯಾದ ಮೊತ್ತವನ್ನು ಬೇರೆ ಕಾಲಂನಲ್ಲಿ ಲೆಕ್ಕ ಹಾಕಿ, ಪ್ರತಿಯೊಬ್ಬರ ವ್ಯತ್ಯಾಸವನ್ನು ಒಟ್ಟು ಮಾಡಿ, ಮುಂದಿನ ಬಟವಾಡೆಯಲ್ಲಿ "ಹಿಂದಿನ ಲೆಕ್ಕದ ವ್ಯತ್ಯಾಸ" ಎಂಬ ಪ್ರತ್ಯೇಕ ಸಾಲಾಗಿ ಸೇರಿಸಿದೆವು. ಮೇಷ್ಟ್ರು ಆ ಸಾಲನ್ನು ಓದಿ, ಚೀಟಿಯನ್ನು ಹಿಂದಕ್ಕೆ ತಿರುಗಿಸಿ, ಪೆನ್ಸಿಲ್ ತೆಗೆದುಕೊಂಡು ಮತ್ತೆ ಕೂಡಲು ಕುಳಿತರು.